ಥ್ಯಾಕರೆ ಸಾಹೇಬನ ಕೋಟು, ದುರ್ಗದ ಬೈಲಿನ ಹಳೆ ಬಟ್ಟೆ ಗುಡ್ಡೆಯಿಂದ

ಶಾಲೆಯ ನಾಟಕಕ್ಕೆ ಡ್ರೆಸ್ ಹುಡುಕುತ್ತಿರುವ ಹುಬ್ಬಳ್ಳಿ ಅಪ್ಪ-ಅಮ್ಮಂದಿರಿಗೆ ಮೊದಲೇ ಹೇಳಿಬಿಡುತ್ತೇನೆ. ದುರ್ಗದ ಬೈಲಿನ ಹತ್ತಿರದ ಗಲ್ಲಿಯಲ್ಲಿ ಹಳೆ ಬಟ್ಟೆ ಗುಡ್ಡೆ ಹಾಕಿಕೊಂಡು ಕೂರುವ ಅಜ್ಜನ ಹತ್ತಿರ ಕೋಟು ಕಣ್ಣು ಮುಚ್ಚಿ ತಗೊಳ್ಳಿ, ಪ್ಯಾಂಟು ಕಣ್ಣು ಬಿಟ್ಟು ತಗೊಳ್ಳಿ, ಬಿಳಿ ಬಟ್ಟೆ ಮಾತ್ರ ಬೇಡ್ವೇ ಬೇಡ.

ನಮ್ಮ ಹುಡುಗನಿಗೆ ಕಿತ್ತೂರು ಚನ್ನಮ್ಮನ ನಾಟಕದಲ್ಲಿ ಇಂಗ್ಲಿಷ್ ಸಾಹೇಬ ಥ್ಯಾಕರೆ ಪಾತ್ರ ಬಂತು. ಬೇರೆ ಮಕ್ಕಳಿಗೆ ಚಿಂತೆ ಇಲ್ಲ. ರಾಯಣ್ಣ, ಅಮಟೂರ ಬಾಳಪ್ಪ ಆಗುವವರಿಗೆ ಮನೆಯಲ್ಲಿ ಅಜ್ಜನ ಧೋತರ, ರುಮಾಲು, ಕಂಬಳಿ ಇದ್ದರೆ ಮುಗೀತು. ಚನ್ನಮ್ಮ ಆಗುವ ಹುಡುಗಿಗೆ ಅಜ್ಜಿಯ ಇಳಕಲ್ ಸೀರೆ, ಕಚ್ಚೆ ಹಾಕಿ ಉಡಿಸಿದರೆ ಆಯ್ತು. ಸಾಹೇಬನಿಗೆ ಎಲ್ಲಿಂದ ತರೋದು? ಬಾಡಿಗೆ ಡ್ರೆಸ್ ಕೊಡುವ ಒಂದು ಅಂಗಡಿಗೆ ಹೋದೆ. ಕೆಂಪು ಸ್ಯಾಟಿನ್ ಕೋಟು, ಅದಕ್ಕೆ ಬಂಗಾರದ ಬಣ್ಣದ ಲೇಸು, ಹೆಗಲ ಮೇಲೆ ಜೂಲು. ಹಾಕಿ ನಿಲ್ಲಿಸಿದರೆ ಥೇಟ್ ಬ್ಯಾಂಡ್‌ಸೆಟ್‌ನವರು. ಒಂದು ದಿನಕ್ಕೆ 500 ರೂಪಾಯಿ, ಮೇಲೆ ಡಿಪಾಸಿಟ್ಟು, ಕಂಕುಳಲ್ಲಿ ಯಾರದೋ ಬೆವರಿನ ಕಲೆ.

ಅದೂ ಅಲ್ಲದೆ ಕೆಂಪು ಕೋಟು ಕಂಪನಿಯ ಸಿಪಾಯಿಗಳದ್ದು. ಥ್ಯಾಕರೆ ಧಾರವಾಡದ ಕಲೆಕ್ಟರ್, ಸೈನಿಕ ಅಲ್ಲ. ಅವನು ಸತ್ತದ್ದು 1824ರ ಅಕ್ಟೋಬರ್ 23ಕ್ಕೆ. ಆ ಕಾಲದ ಇಂಗ್ಲಿಷ್ ದೊಡ್ಡ ಮನುಷ್ಯರು ಹಾಕುತ್ತಿದ್ದದ್ದು ಕಪ್ಪು ಇಲ್ಲಾ ಕಡುನೀಲಿ ಕೋಟು. ಮುಂದೆ ಸೊಂಟಕ್ಕೇ ಕತ್ತರಿಸಿರುತ್ತಿತ್ತು, ಹಿಂದೆ ಎರಡು ಬಾಲ ಮೊಣಕಾಲಿನ ಕಡೆ ಇಳಿದಿರುತ್ತಿದ್ದವು. ಒಳಗೆ ಬಣ್ಣದ ವೇಸ್ಟ್‌ಕೋಟು, ಕುತ್ತಿಗೆಗೆ ಸುತ್ತಿದ ಬಿಳಿ ಬಟ್ಟೆ. ಇದನ್ನ ಟೀಚರ್‌ಗೆ ಹೇಳಿದೆ, ಅವರು ನಕ್ಕು ಹೂಂ ಅಂದರು. ಅಲ್ಲಿಗೆ ಬಾಡಿಗೆ ಅಂಗಡಿ ಕಥೆ ಮುಗೀತು.

ಈಗ ಅಜ್ಜನ ಗುಡ್ಡೆಗೆ ಬರೋಣ. ಮದುವೆಗೆ ಅಂತ ಹೊಲಿಸಿ ಒಮ್ಮೆ ಹಾಕಿ ಬಿಟ್ಟ ಕೋಟುಗಳೇ ಇಲ್ಲಿ ಜಾಸ್ತಿ, ಅದಕ್ಕೇ ಬಟ್ಟೆ ಇನ್ನೂ ಗಟ್ಟಿ ಇರುತ್ತೆ. ದೊಡ್ಡವರ ಕೋಟು ಹನ್ನೆರಡು ವರ್ಷದ ಹುಡುಗನಿಗೆ ತೊಡೆಯ ತನಕ ಬರುತ್ತೆ ನೋಡಿ, ಬಾಲದ ಉದ್ದ ಅಲ್ಲೇ ಸಿಕ್ಕಿಬಿಡ್ತು. ಹಿಂದೆ ನಡುವೆ ಹೇಗೂ ಸೀಳು ಇರುತ್ತೆ, ಅದನ್ನ ಸ್ವಲ್ಪ ಮೇಲಕ್ಕೆ ಬಿಚ್ಚಿದರೆ ಎರಡು ಬಾಲ. ಆದರೆ ನೋಡಬೇಕಾದದ್ದು ಉದ್ದ ಅಲ್ಲ, ಹೆಗಲು. ಪಕ್ಕ ಹಿಡಿಸಬಹುದು, ತೋಳು ಗಿಡ್ಡ ಮಾಡಬಹುದು, ಹೆಗಲು ಸರಿ ಮಾಡಲು ಹೋದರೆ ಇಡೀ ತೋಳು ಬಿಚ್ಚಬೇಕು, ಟೇಲರ್‌ಗೂ ಬೇಜಾರು ನಮಗೂ ಖರ್ಚು. ಅದಕ್ಕೆ ತೆಳ್ಳಗಿನ ಕಾಲೇಜು ಹುಡುಗರ ಕೋಟು ಹುಡುಕಿ. ಹುಡುಗನನ್ನು ಜೊತೆಗೇ ಕರೆದುಕೊಂಡು ಹೋಗಿ, ಯಾಕಂದ್ರೆ ಅಜ್ಜ ವಾಪಸ್ ತಗೊಳ್ಳಲ್ಲ.

ಇನ್ನೊಂದು ವಿಷಯ, ಉಣ್ಣೆಯೋ ಪಾಲಿಯೆಸ್ಟರ್ರೋ ಅಂತ ಕೇಳಿದರೆ ಅಜ್ಜ ಎಲ್ಲದಕ್ಕೂ "ಪ್ಯೂರ್ ಉಲನ್ ರೀ ಅಕ್ಕಾರ" ಅಂತಾರೆ. ಒಳ ಹೊಲಿಗೆಯಿಂದ ಒಂದು ಎಳೆ ಎಳೆದು ಅವರದ್ದೇ ಲೈಟರ್ ಇಸ್ಕೊಂಡು ಸುಟ್ಟೆ. ಉಣ್ಣೆ ಆದರೆ ಕೂದಲು ಸುಟ್ಟ ವಾಸನೆ ಬಂದು ಪುಡಿಯಾಗುತ್ತೆ, ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿ ಆಗುತ್ತೆ. ಮಣಿ ಆಯ್ತು. ಅಜ್ಜ ಕೂತಲ್ಲೇ 250ರಿಂದ 150ಕ್ಕೆ ಇಳಿದರು. ಮಣಿ ಆದರೂ ತಗೊಂಡೆ, ಬಣ್ಣ ಚೆನ್ನಾಗಿತ್ತು, ಹೆಗಲು ಕೂತಿತ್ತು, ಸ್ಟೇಜ್ ಮೇಲೆ ಯಾರು ಸುಟ್ಟು ನೋಡ್ತಾರೆ?

ಬಿಳಿ ಬಟ್ಟೆ ಯಾಕೆ ಬೇಡ ಅಂದ್ರೆ, ಆ ಗಲ್ಲಿಯ ಬೆಳಕಲ್ಲಿ ಬಿಳಿಯಾಗಿ ಕಾಣುವ ಪ್ಯಾಂಟು ಬಿಸಿಲಿಗೆ ತಂದರೆ ಹಳದಿ. ನಾವು ಶಾಲೆಯ ಪಿಟಿ ಪ್ಯಾಂಟನ್ನೇ ಕೆಳಗೆ ಬಿಗಿ ಮಾಡಿಸಿದೆವು. ಕುತ್ತಿಗೆಗೆ ನಮ್ಮ ಮಾವನವರ ಹಳೆ ಧೋತರದ ಅಂಚಿಲ್ಲದ ತುಂಡು, ಒಗೆದೊಗೆದು ಮೆತ್ತಗಾದದ್ದು, ಎರಡು ಸುತ್ತು ಸುತ್ತಿ ಮುಂದೆ ಗಂಟು. ಹೊಸ ಬಟ್ಟೆ ಆಗಿದ್ದರೆ ಹಾಗೆ ಕೂರುತ್ತಲೇ ಇರಲಿಲ್ಲ. ವೇಸ್ಟ್‌ಕೋಟಿಗೆ ಗುಳೇದಗುಡ್ಡದ ಖಣ (ಕುಪ್ಪಸದ ಬಟ್ಟೆ), ಅತ್ತೆಯ ಎರಡು ಹರಿದ ಕುಪ್ಪಸ ಸೇರಿಸಿ ಮುಂಭಾಗ ಮಾತ್ರ ಮಾಡಿಸಿದ್ದು, ಹಿಂದೆ ಕೋಟು ಮುಚ್ಚುತ್ತಲ್ಲ. ಕಿತ್ತೂರಿನ ಮೇಲೆ ದಂಡೆತ್ತಿ ಬಂದವನ ಎದೆ ಮೇಲೆ ನಮ್ಮ ಖಣ! ಅತ್ತೆಗೆ ಇದು ಸ್ವಲ್ಪವೂ ಸರಿ ಬರಲಿಲ್ಲ, "ಆ ಮೂಳಗ ನನ್ನ ಖಣ ಯಾಕ" ಅಂತ ಇನ್ನೂ ಅಂತಿದ್ದಾರೆ.

ಟೇಲರ್ ಬಗ್ಗೆ. ಅದೇ ಗಲ್ಲಿಯ ತುದಿಯಲ್ಲಿ ಮಷಿನ್ ಇಟ್ಟುಕೊಂಡು ಬರೀ ಆಲ್ಟ್ರೇಷನ್ ಮಾಡುವವರು. ಕೆಲಸಕ್ಕೆ ಪೂರ್ತಿ ಮಾರ್ಕ್ಸ್, ಟೈಮಿಗೆ ಸೊನ್ನೆ. "ಚೊಲೋ ಕೋಟ್ ಐತ್ರಿ ಅಕ್ಕಾರ, ಯಾಕ್ ಕತ್ತರಸ್ತೀರಿ" ಅಂತ ಮೊದಲು ಒಪ್ಪಲೇ ಇಲ್ಲ. ಒಪ್ಪಿದ ಮೇಲೆ ನಾನು ಯೋಚನೆ ಮಾಡದ್ದನ್ನೂ ಮಾಡಿದರು. ಕೋಟಿನ ಮುಂಭಾಗದಲ್ಲಿ ಬಟ್ಟೆಗೂ ಅಸ್ತರಿಗೂ ನಡುವೆ ಕ್ಯಾನ್ವಾಸ್ ಇರುತ್ತೆ, ಸೊಂಟಕ್ಕೆ ಕತ್ತರಿಸಿದ ತಕ್ಷಣ ಮೂರೂ ಪದರ ಬಾಯಿ ಬಿಟ್ಟುಕೊಂಡವು. ಅವರು ಕ್ಯಾನ್ವಾಸ್ ಮಾತ್ರ ಅರ್ಧ ಇಂಚು ಒಳಗೆ ಕತ್ತರಿಸಿ, ಕೆಳಗೆ ಉಳಿದ ತುಂಡಿನಿಂದಲೇ ಪಟ್ಟಿ ತೆಗೆದು ಒಳಗಿಂದ ಮಡಚಿ ಹೊಲಿದರು. ಹೊರಗಿಂದ ನೋಡಿದರೆ ಹುಟ್ಟಿದ್ದೇ ಹಾಗೆ ಅನ್ನುವಷ್ಟು ನೀಟು. ಹೆಗಲ ಪ್ಯಾಡ್ ತೆಗೆದರು, ಕಾಲರ್ ಎಬ್ಬಿಸಿ ನಾಲ್ಕು ಟಾಕಿ ಹಾಕಿದರು. ಇಷ್ಟಕ್ಕೆ 300. ಆದರೆ ಅವರ "ನಾಳಿ ಬರ್ರಿ" ನಂಬಬೇಡಿ. ನಾಟಕದ ಹಿಂದಿನ ದಿನ ಬೇಕು ಅಂದರೆ ಹಿಂದಿನ ವಾರ ಬೇಕು ಅಂತ ಹೇಳಿ, ಹಬ್ಬದ ಸೀಸನ್ ಆದರೆ ಇನ್ನೂ ಮೊದಲೇ.

ಗುಂಡಿ ಮಾತ್ರ ಹೊಸದು, ಜನತಾ ಬಜಾರಿನಲ್ಲಿ ತಗೊಂಡ ಹಿತ್ತಾಳೆ ಬಣ್ಣದ್ದು. ನುಸಿ ಗುಳಿಗೆಯ ವಾಸನೆ ಹೋಗಲು ಕೋಟನ್ನ ಒಳಗಿನದು ಹೊರಗೆ ಮಾಡಿ ಬಿಸಿಲಲ್ಲಿ ಒಣಗಿಸಿದೆ, ಮೊದಲ ದಿನಕ್ಕೆ ಹೋಗಲ್ಲ, ಗಾಬರಿ ಬೇಡ. ಟೋಪಿ ರಟ್ಟಿನದು, ಮೇಲೆ ಉಳಿದ ಅಸ್ತರಿ ಅಂಟಿಸಿದ್ದು, ಅದಕ್ಕೆ ನಾನೇ ಹತ್ತಕ್ಕೆ ಐದು ಕೊಡ್ತೀನಿ.

ಎಲ್ಲಾ ಸೇರಿ ಬಾಡಿಗೆಗಿಂತ ಭಾರೀ ಕಡಿಮೆ ಏನಾಗಲಿಲ್ಲ. ಆದರೆ ಬಾಡಿಗೆ ಕೋಟನ್ನ ಕತ್ತರಿಸೋಕಾಗುತ್ತಾ, ಬಾಳಪ್ಪನ ಗುಂಡು ಬಿದ್ದಾಗ ಧೂಳಲ್ಲಿ ಉರುಳೋಕಾಗುತ್ತಾ? ನಮ್ಮವನು ಉರುಳಿದ, ಎರಡು ಸಲ, ಒನ್ಸ್ ಮೋರ್ ಅಂದರು ಅಂತ. ಕೋಟು ಈಗ ಮನೆಯಲ್ಲೇ ಇದೆ. ಮುಂದಿನ ಅಕ್ಟೋಬರ್‌ಗೆ ಯಾರ ಮಗನಾದರೂ ಥ್ಯಾಕರೆ ಆದರೆ ಕೇಳಿ, ಕೊಡ್ತೀನಿ. ಖಣದ ವೇಸ್ಟ್‌ಕೋಟು ಬೇಕಾದರೆ ಅತ್ತೆಯವರನ್ನೇ ಕೇಳಬೇಕು.