ಕಾರಿನ ಮೇಲೆ ದೋಣಿ ಕಟ್ಟುವ ಮೊದಲು ಆ ರೇಲ್ ಅಸಲಿಯೋ ನೋಡಿಕೊಳ್ಳಿ

ಕಾರಿನ ತಲೆ ಮೇಲೆ ಏನಾದರೂ ಕಟ್ಟಿಕೊಂಡು ಹೊರಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾವು ಒಯ್ದದ್ದು ಕಯಾಕ್. ನೀವು ಒಯ್ಯುವುದು ಹಾಸಿಗೆ ಇರಬಹುದು, ಮಂಚ ಇರಬಹುದು, ಬೋರಿನ ಪೈಪ್ ಇರಬಹುದು. ನಮ್ಮಿಂದ ಆದ ತಪ್ಪು ನಿಮ್ಮಿಂದ ಆಗಬಾರದು. ನಮ್ಮ ತಪ್ಪಿಗೆ ಏಟು ತಿಂದವರು ನಾವಲ್ಲ, ಹಿಂದೆ ಬರುತ್ತಿದ್ದ ಬೇರೆ ಯಾರೋ.

ನನ್ನ ತಮ್ಮನಿಗೆ ನೀರು ಅಂದರೆ ಪ್ರಾಣ. ಕಾರವಾರದ ಕಡೆಯವರೊಬ್ಬರಿಂದ ಹಳೇ ಕಯಾಕ್ ಒಂದನ್ನು ತೆಗೆದುಕೊಂಡ. ಒಬ್ಬರು ಕೂತು ಎರಡೂ ಕಡೆ ಹುಟ್ಟು ಹಾಕುತ್ತಾರಲ್ಲ, ಆ ತರಹದ ಉದ್ದ, ಕಿರಿದಾದ ಪ್ಲಾಸ್ಟಿಕ್ ದೋಣಿ. ಹತ್ತೂವರೆ ಅಡಿ ಉದ್ದ, 24 ಕೆಜಿ ತೂಕ. ಪಾರ್ಸಲ್ ಲಾರಿಯಲ್ಲಿ ಕೊಪ್ಪಳಕ್ಕೆ ಬಂತು. ಅಲ್ಲಿಂದ ಸಾಣಾಪುರ ಕೆರೆ ಹತ್ತಿರ ಇರುವ ನಮ್ಮ ಚಿಕ್ಕಪ್ಪನ ತೋಟಕ್ಕೆ ಮುಟ್ಟಿಸಬೇಕಿತ್ತು. ಅಷ್ಟೇ ಕೆಲಸ.

ನಮ್ಮ ಭಾಗದಲ್ಲಿ ದೋಣಿ ಅಂದರೆ ಹರಿಗೋಲು. ಆನೆಗೊಂದಿ ಕಡೆ ಒಬ್ಬನೇ ಮನುಷ್ಯ ಬಿದಿರಿನ ಹರಿಗೋಲನ್ನು ತಲೆ ಮೇಲೆ ಕವುಚಿಕೊಂಡು ದಂಡೆ ಹತ್ತುವುದನ್ನು ಚಿಕ್ಕಂದಿನಿಂದ ನೋಡಿದವರು ನಾವು. ಅದಕ್ಕೇ ಇರಬೇಕು, 24 ಕೆಜಿ ಅನ್ನುವುದು ನಮಗೆ ಒಂದು ಭಾರ ಅಂತಲೇ ಅನ್ನಿಸಲಿಲ್ಲ. ಭಾರದ ಬಗ್ಗೆ ನಾವು ಯೋಚಿಸಿದ್ದು ಸರಿಯೇ ಇತ್ತು. ಗಾಳಿಯ ಬಗ್ಗೆ ಯೋಚಿಸಲೇ ಇಲ್ಲ.

ನನ್ನದು ಸಣ್ಣ ಕಾರು. ಛಾವಣಿ ಮೇಲೆ ಎರಡೂ ಬದಿಗೆ ಉದ್ದಕ್ಕೂ ಕಂಬಿಯಂಥ ಕಪ್ಪು ರೇಲ್ ಇವೆ. ಕೊಂಡಾಗಿನಿಂದ ಇದ್ದವು. ಸೀಟ್ ಕವರ್ ಹಾಕುವ ಅಂಗಡಿಗೆ ಹೋಗಿ ದೋಣಿ ಒಯ್ಯಬೇಕು ಅಂತ ಹೇಳಿದೆ. ಅವರು ರೇಲ್ ಮೇಲೊಮ್ಮೆ ಕೈಯಾಡಿಸಿದರು. "ರೇಲ್ ಅದಾವಲ್ರಿ ಸರ, ಅಡ್ಡಪಟ್ಟಿ ಕುಂದ್ರಿಸಿದ್ರ ಮುಗೀತು. ಒಂದು ಕ್ವಿಂಟಲ್ ಬೇಕಾದ್ರೂ ಹೇರ್ರಿ, ಏನೂ ಆಗಂಗಿಲ್ಲ" ಅಂದರು. ಅರ್ಧ ಗಂಟೆಯಲ್ಲಿ ಎರಡು ಅಲ್ಯೂಮಿನಿಯಂ ಪಟ್ಟಿ ಕೂರಿಸಿಕೊಟ್ಟರು. ನಾನು ಕೈಯಿಂದ ಅಲ್ಲಾಡಿಸಿ ನೋಡಿದೆ. ಗಟ್ಟಿ ಇತ್ತು. ನಂಬಿದೆ.

ಕಾರಹುಣ್ಣಿಮೆ ಮುಗಿದ ಮೇಲೆ ಬಂದ ಮಂಗಳವಾರ ಹೊರಟೆವು. ದೋಣಿಯನ್ನು ನೀರಲ್ಲಿ ಹೇಗೆ ಇರುತ್ತೋ ಹಾಗೆಯೇ ಬಾಯಿ ಮೇಲಾಗಿ ಇಟ್ಟೆವು. ಎರಡು ಬೆಲ್ಟ್ ಬಿಗಿದು ಅಡ್ಡಪಟ್ಟಿಗೆ ಕಟ್ಟಿದೆವು. ಮೂತಿಗೂ ಒಂದು ಹಗ್ಗ ಹಾಕಿ ಮುಂದೆ ಕಟ್ಟೋಣವಾ ಅಂತ ತಮ್ಮ ಕೇಳಿದ. ಬಾನೆಟ್‌ಗೆ ಗೀರು ಬೀಳುತ್ತೆ, ಬೇಡ ಅಂತ ನಾನೇ ಹೇಳಿದೆ.

ಊರು ದಾಟಿ ಹೆದ್ದಾರಿಗೆ ಬಂದ ಮೇಲೆ ಬೆಲ್ಟ್ ಗುಂಯ್‌ಗುಡಲು ಶುರುವಾಯಿತು. ಅದು ಸಾಮಾನ್ಯ, ಚಪ್ಪಟೆ ಬೆಲ್ಟ್ ಗಾಳಿಗೆ ಹಾಗೇ ಹಾಡುತ್ತದೆ. ಗಿಣಿಗೇರಿ ದಾಟಿದ ಮೇಲೆ ಆ ಸದ್ದಿನ ಜೊತೆ ಇನ್ನೊಂದು ಸದ್ದು ಸೇರಿತು. ಟಕ್ ಟಕ್ ಅಂತ, ನನ್ನ ತಲೆಯ ಸ್ವಲ್ಪ ಮುಂದೆ.

"ಅಣ್ಣಾ, ಮ್ಯಾಲ ಏನೋ ಬಡದಂಗ ಆಗಾಕತ್ತೈತಿ. ಒಂಚೂರು ನಿಂದ್ರಿಸು."

"ಹಿಟ್ನಾಳ ಬರ್ಲಿ ತಡಿ. ಅಲ್ಲೇ ಚಾ ಕುಡಿಯೂಣು, ಆಗ ನೋಡೂಣು."

ಈ ಎರಡು ಮಾತನ್ನು ಅವತ್ತಿನಿಂದ ಎಷ್ಟು ಸಲ ನೆನಪಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ಪಕ್ಕಕ್ಕೆ ನಿಲ್ಲಿಸಲು ಜಾಗವಿತ್ತು. ಅವಸರವೇನೂ ಇರಲಿಲ್ಲ.

ಆಗ ನಮ್ಮ ಕಡೆ ಪಡುವಣ ಗಾಳಿ ಹೇಗೆ ಬೀಸುತ್ತೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ನಮಗೆ ಬಲಗಡೆಯಿಂದ ಹೊಡೆಯುತ್ತಿತ್ತು. ಕಾರು 80ರಲ್ಲಿತ್ತು. ದೊಡ್ಡ ಬಸ್ಸೊಂದು ಬಲಗಡೆಯಿಂದ ನಮ್ಮನ್ನು ದಾಟಿತು. ಬಸ್ಸು ಪಕ್ಕದಲ್ಲಿ ಇದ್ದಷ್ಟು ಹೊತ್ತು ಗಾಳಿ ತಡೆದು ನಿಂತಿತ್ತು. ಬಸ್ಸಿನ ಬಾಲ ದಾಟಿತೋ ಇಲ್ಲವೋ, ತಡೆದಿದ್ದ ಗಾಳಿಯೆಲ್ಲ ಒಮ್ಮೆಲೇ ಬಡಿಯಿತು. ಮೇಲೆ ಮರ ಮುರಿದಂತೆ ಸದ್ದಾಯಿತು. ಕಾರು ಎಡಕ್ಕೆ ಜಗ್ಗಿತು. ಹಿಂದಿನ ಗಾಜು ಪುಡಿಯಾಯಿತು. ಕನ್ನಡಿಯಲ್ಲಿ ನೋಡಿದರೆ ಕಿತ್ತಳೆ ಬಣ್ಣದ ದೋಣಿ ರಸ್ತೆಯ ಎಡಬದಿಯಲ್ಲಿ ತಿರುಗುತ್ತಾ ಜಾರುತ್ತಿತ್ತು. ಅದರ ಹಿಂದೆ ಒಂದು ಬೈಕು ಬರುತ್ತಿತ್ತು.

ಗಂಡ, ಹೆಂಡತಿ, ನಡುವೆ ನಾಲ್ಕೈದು ವರ್ಷದ ಮಗು. ಹುಲಿಗೆಮ್ಮನ ಗುಡಿಗೆ ಹೊರಟಿದ್ದರು. ಮಂಗಳವಾರ ಅಲ್ವಾ. ಅವರು ದೋಣಿಗೆ ಗುದ್ದಲಿಲ್ಲ. ತಪ್ಪಿಸಲು ಹ್ಯಾಂಡಲ್ ಎಳೆದು, ರಸ್ತೆ ಅಂಚಿನ ಜಲ್ಲಿಯಲ್ಲಿ ಬಿದ್ದರು. ನಾವು ಓಡಿ ಹೋಗುವಷ್ಟರಲ್ಲಿ ಆ ಅಕ್ಕ ಮಗುವನ್ನು ಎದೆಗವಚಿಕೊಂಡು ಕೂತಿದ್ದರು. ಮಂಡಿ ಎರಡೂ ಕಿತ್ತುಹೋಗಿದ್ದವು. ಆ ಅಣ್ಣನ ಬಲಗೈ ಮಣಿಕಟ್ಟು ಬಾಗಿ ನಿಂತಿತ್ತು. ಉಡಿ ತುಂಬಲು ತಂದಿದ್ದ ಚೀಲ ಹರಿದಿತ್ತು. ತೆಂಗಿನಕಾಯಿ ಉರುಳಿ ರಸ್ತೆ ನಡುವಿಗೆ ಹೋಗಿತ್ತು. ಹಸಿರು ಬಳೆಗಳು ಜಲ್ಲಿ ತುಂಬಾ ಚೂರು ಚೂರಾಗಿ ಬಿದ್ದಿದ್ದವು. ಮಗು ಅಳುತ್ತಿರಲಿಲ್ಲ. ಆ ಚೂರುಗಳನ್ನೇ ನೋಡುತ್ತಿತ್ತು.

108ಕ್ಕೆ ಫೋನ್ ಮಾಡಿದೆವು, ಆಂಬುಲೆನ್ಸ್ ಬಂತು. ಮಗುವಿಗೆ ಏನೂ ಆಗಿರಲಿಲ್ಲ. ಆ ಅಣ್ಣನಿಗೆ ಮಣಿಕಟ್ಟಿನ ಮೂಳೆ ಮುರಿದಿತ್ತು, ಆರು ವಾರ ಪ್ಲಾಸ್ಟರ್. ಗಾರೆ ಕೆಲಸದವರು. ಆರು ವಾರ ಅವರ ಮನೆಗೆ ಕೂಲಿ ಬರಲಿಲ್ಲ. ಆಸ್ಪತ್ರೆ ಖರ್ಚು, ಆ ದಿನಗಳ ಕೂಲಿ ನಾವು ಕೊಟ್ಟೆವು. ಕೊಟ್ಟ ಮಾತ್ರಕ್ಕೆ ನಾವು ಮಾಡಿದ್ದು ಇಲ್ಲವಾಗುವುದಿಲ್ಲ.

ಈಗ ಆ ದೋಣಿಯ ವಿಷಯಕ್ಕೆ ಬರುತ್ತೇನೆ. ಎತ್ತಲು ಹೋದಾಗ ನೋಡಿದರೆ ಎರಡೂ ಬೆಲ್ಟ್ ಕಟ್ಟಿದ ಹಾಗೇ ಇದ್ದವು. ಗಂಟು ಒಂದೆಳೆಯೂ ಸಡಿಲ ಆಗಿರಲಿಲ್ಲ. ದೋಣಿಯ ಜೊತೆಗೇ ಎರಡು ಅಡ್ಡಪಟ್ಟಿ, ಅದರ ತುದಿಗೆ ಬಲಗಡೆಯ ರೇಲ್ ಪೂರ್ತಿ ಕಿತ್ತು ಬಂದಿತ್ತು. ರೇಲ್ ತಿರುಗಿಸಿ ನೋಡಿದೆ. ಒಳಗೆ ಟೊಳ್ಳು. ಕೆಳಗೆ ಮೂರು ಪ್ಲಾಸ್ಟಿಕ್ ಕ್ಲಿಪ್ಪು, ಅವುಗಳ ನಡುವೆ ಎರಡೂ ಕಡೆ ಅಂಟುವ ಟೇಪು. ಬಿಸಿಲಿಗೆ ಒಣಗಿದ ಟೇಪಿನ ಮೇಲೆ ಕೆಂಪು ಧೂಳು ಕೂತಿತ್ತು. ಒಂದೇ ಒಂದು ಬೋಲ್ಟ್ ಇರಲಿಲ್ಲ.

ಅದು ಅಲಂಕಾರದ ರೇಲ್. ನಮ್ಮ ದೇಶದಲ್ಲಿ ಮಾರುವ ಎಷ್ಟೋ ಕಾರುಗಳಲ್ಲಿ ಮೇಲಿನ ರೇಲ್ ಬರೀ ಚೆಂದಕ್ಕೆ ಇರುತ್ತದೆ. ಭಾರ ಹೊರುವ ರೇಲ್ ಲೋಹದ್ದು, ಅದನ್ನು ಛಾವಣಿಯ ಚೌಕಟ್ಟಿಗೇ ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಹೊರಗಿನಿಂದ ಎರಡೂ ಒಂದೇ ತರಹ ಕಾಣುತ್ತವೆ. ಕೈಯಿಂದ ಅಲ್ಲಾಡಿಸಿದರೆ ಗೊತ್ತಾಗುವುದಿಲ್ಲ, ನನಗೂ ಗೊತ್ತಾಗಲಿಲ್ಲ. ಕಾರಿನ ಜೊತೆ ಕೊಡುವ ಪುಸ್ತಕದಲ್ಲಿ ಬರೆದಿರುತ್ತದೆ. ನನ್ನ ಕಾರಿನ ಪುಸ್ತಕದಲ್ಲೂ ಇತ್ತು, ಈ ರೇಲ್ ಮೇಲೆ ಭಾರ ಹೇರಬಾರದು ಅಂತ. ಐದು ವರ್ಷ ಅದು ಡ್ಯಾಶ್‌ಬೋರ್ಡ್ ಡಬ್ಬದಲ್ಲೇ ಇತ್ತು. ನಾನು ಓದಿದ್ದು ಆಸ್ಪತ್ರೆಯ ಹೊರಗೆ ಕೂತು.

ಅಸಲಿ ರೇಲ್ ಇದ್ದರೂ ಛಾವಣಿ ಎಷ್ಟು ಹೊರುತ್ತದೆ ಅಂತ ಅದೇ ಪುಸ್ತಕದಲ್ಲಿ ನೋಡಿ. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 50ರಿಂದ 75 ಕೆಜಿ. ಅಡ್ಡಪಟ್ಟಿಯ ತೂಕವೂ ಅದರಲ್ಲೇ ಸೇರಿತು. ರೇಲ್ ಇಲ್ಲದ ಕಾರುಗಳಿಗೆ ಬಾಗಿಲ ಚೌಕಟ್ಟನ್ನು ಕಚ್ಚಿ ಹಿಡಿಯುವ ಪಟ್ಟಿಗಳು ಸಿಗುತ್ತವೆ. ಅವೂ ನಿಮ್ಮ ಕಾರಿನ ಮಾಡೆಲ್‌ಗೆ ಅಂತಲೇ ಮಾಡಿದ್ದಾಗಿರಬೇಕು. ಎಲ್ಲ ಕಾರಿಗೂ ಆಗುತ್ತೆ ಅಂದರೆ ಬೇಡ ಅನ್ನಿ.

ಗಾಳಿಯ ಲೆಕ್ಕ ಆಮೇಲೆ ಅರ್ಥವಾಯಿತು. ವೇಗ ಎರಡು ಪಟ್ಟಾದರೆ ಗಾಳಿಯ ಒತ್ತಡ ನಾಲ್ಕು ಪಟ್ಟಾಗುತ್ತದೆ. 40ರಲ್ಲಿ ಏನೂ ಆಗದ ಕಟ್ಟು 80ರಲ್ಲಿ ನಾಲ್ಕು ಪಟ್ಟು ಎಳೆತ ತಡೆಯಬೇಕು. ಅದರ ಮೇಲೆ ಅಡ್ಡಗಾಳಿ, ಬಸ್ಸು ಲಾರಿಯ ಹೊಡೆತ. ನಾವು ಬಾಯಿ ಮೇಲೆ ಮಾಡಿ ಇಟ್ಟಿದ್ದರಿಂದ ಕೂರುವ ಕುಳಿಯಲ್ಲೂ ಗಾಳಿ ಹೊಕ್ಕು ಎತ್ತುತ್ತಿತ್ತು. ಚಪ್ಪಟೆ ಪಟ್ಟಿ ಮೇಲೆ ಇಡುವುದಾದರೆ ಕಯಾಕನ್ನು ಕವುಚಿ ಇಡಬೇಕು, ನಮ್ಮ ಹರಿಗೋಲು ಹೊರುವವರು ಕವುಚಿಕೊಳ್ಳುವ ಹಾಗೆ. ಮಳೆ ಬಂದರೂ ನೀರು ತುಂಬುವುದಿಲ್ಲ. ಹಾಸಿಗೆ ಒಯ್ಯುವವರಿಗೆ ಇನ್ನೂ ಅಪಾಯ ಜಾಸ್ತಿ. ಮುಂದಿನ ಅಂಚು ಮೇಲೆದ್ದರೆ ಅದು ಹಾಯಿಪಟವೇ.

ನಾನು ಬೇಡ ಅಂದ ಆ ಮೂತಿಯ ಹಗ್ಗ ಬಹಳ ಮುಖ್ಯ. ನಡುವಿನ ಎರಡು ಬೆಲ್ಟ್ ಕೈಕೊಟ್ಟರೂ ದೋಣಿ ಕಾರು ಬಿಟ್ಟು ಹೋಗದಂತೆ ಹಿಡಿಯುವುದು ಮುಂದಿನ, ಹಿಂದಿನ ಹಗ್ಗಗಳೇ. ಬಂಪರ್‌ಗೆ ಕಟ್ಟಬೇಡಿ, ಅದೂ ಪ್ಲಾಸ್ಟಿಕ್ಕೇ. ಗಾಡಿ ಎಳೆಯುವ ಕೊಕ್ಕೆ ಇರುತ್ತಲ್ಲ, ಅದಕ್ಕೆ ಕಟ್ಟಿ. ಇಲ್ಲಾಂದ್ರೆ ಬಾನೆಟ್ ಒಳಗಿನ ಗಟ್ಟಿ ಬೋಲ್ಟಿಗೆ ಬೆಲ್ಟಿನ ಕುಣಿಕೆ ಸಿಕ್ಕಿಸಿ ಹೊರಗೆ ತನ್ನಿ. ಬಾನೆಟ್‌ಗೆ ಗೀರು ಬೀಳಬಾರದು ಅಂದರೆ ಕೆಳಗೆ ಒಂದು ಟವೆಲ್ ಹಾಕಿ, ಅಷ್ಟೇ ಸಾಕಿತ್ತು. ಇನ್ನೊಂದು ಅನುಕೂಲ ಇದೆ. ಆ ಹಗ್ಗ ಕಣ್ಣೆದುರೇ ಇರುತ್ತದೆ. ಸಡಿಲವಾದರೆ ಸ್ಟೇರಿಂಗ್ ಹಿಂದೆ ಕೂತೇ ಕಾಣುತ್ತದೆ.

ಹಿಡಿಕೆ ಆಡಿಸಿ ಬಿಗಿಯುವ ಲಾರಿಯವರ ರ‍್ಯಾಚೆಟ್ ಬೆಲ್ಟ್ ಪ್ಲಾಸ್ಟಿಕ್ ದೋಣಿಗೆ ಬೇಡ. ಅದು ಮನುಷ್ಯನ ಕೈಗಿಂತ ಎಷ್ಟೋ ಪಟ್ಟು ಜೋರಾಗಿ ಬಿಗಿಯುತ್ತದೆ. ನಮ್ಮ ರಾಯಚೂರು, ಬಳ್ಳಾರಿ, ಕೊಪ್ಪಳದ ಬಿಸಿಲಿಗೆ ಮೆತ್ತಗಾದ ತಳ ಒಳಗೆ ತಗ್ಗು ಬಿದ್ದರೆ ಕೆಲವೊಮ್ಮೆ ಹಾಗೇ ಉಳಿಯುತ್ತದೆ. ಕೈಯಿಂದ ಎಳೆದು ಬಿಗಿಯುವ ಬಕಲ್ ಬೆಲ್ಟ್ ಸಾಕು. ಬೆಲ್ಟಿಗೆ ಒಂದು ತಿರುವು ಕೊಟ್ಟು ಕಟ್ಟಿದರೆ ಗುಂಯ್‌ಗುಡುವುದು ಕಡಿಮೆಯಾಗುತ್ತದೆ, ಬೇರೆ ಸದ್ದು ಬಂದರೆ ಕೇಳಿಸುತ್ತದೆ. ನೈಲಾನ್ ಹಗ್ಗ ಒದ್ದೆಯಾದರೆ ಹಿಗ್ಗುತ್ತದೆ, ಅದನ್ನು ನಂಬಬೇಡಿ. ಹೊರಟು ಐದು ಕಿಲೋಮೀಟರ್ ಆದ ಮೇಲೆ ಒಮ್ಮೆ ಇಳಿದು ಜಗ್ಗಿ ನೋಡಿ. ದೋಣಿ ಜಗ್ಗಿದರೆ ಕಾರೂ ಜೊತೆಗೆ ಅಲುಗಬೇಕು. ದೋಣಿ ಮಾತ್ರ ಅಲುಗಿದರೆ ಮತ್ತೆ ಕಟ್ಟಬೇಕು. ಹೊಸ ಸದ್ದು ಬಂದರೆ ಅಲ್ಲೇ ನಿಲ್ಲಿಸಿ.

ಉದ್ದದ ಸಾಮಾನು ಒಯ್ಯುವವರಿಗೆ ಇನ್ನೊಂದು ಮಾತು. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ, ಭಾರ ಗಾಡಿಯ ಮುಂದೆ, ಹಿಂದೆ, ಪಕ್ಕಕ್ಕೆ ಅಥವಾ ಎತ್ತರಕ್ಕೆ ಮಿತಿ ಮೀರಿ ಚಾಚಿದರೆ 20,000 ರೂಪಾಯಿ ದಂಡ ಇದೆ. ನಮ್ಮ ದೋಣಿ ಕಾರಿಗಿಂತ ಉದ್ದ ಇರಲಿಲ್ಲ. ಆದರೆ ಹದಿನಾಲ್ಕು ಅಡಿಯ ಕಯಾಕ್ ಸಣ್ಣ ಕಾರಿನ ಮೇಲೆ ಆಚೆ ಚಾಚುತ್ತದೆ. ದಂಡದ ಮಾತು ಬಿಡಿ, ಹಿಂದೆ ಬರುವ ಬೈಕಿನವರ ಮುಖದ ಎತ್ತರಕ್ಕೇ ಅದರ ತುದಿ ಬರಬಹುದು.

ಆ ಅಂಗಡಿಯವರ ಬಳಿ ಮುರಿದ ರೇಲ್ ತೆಗೆದುಕೊಂಡು ಹೋಗಿ ತೋರಿಸಿದೆ. ಬಹಳ ಹೊತ್ತು ಸುಮ್ನೆ ತಿರುಗಿಸಿ ತಿರುಗಿಸಿ ನೋಡಿದರು. "ನನಗೂ ಗೊತ್ತಿರ್ಲಿಲ್ರಿ ಸರ" ಅಂದರು. ನಾನು ಜಗಳ ಆಡಲಿಲ್ಲ. ಕಾರು ನನ್ನದು, ಪುಸ್ತಕ ನನ್ನ ಹತ್ತಿರ ಇತ್ತು. ಆದರೆ ಇನ್ನು ಮುಂದೆ ಯಾರಿಗೂ ಪುಸ್ತಕ ನೋಡದೆ ಪಟ್ಟಿ ಕೂರಿಸಬೇಡಿ ಅಂತ ಕೈಮುಗಿದು ಹೇಳಿ ಬಂದೆ.

ದೋಣಿಯ ತಳಕ್ಕೆ ಉದ್ದಕ್ಕೂ ಗೀರು ಬಿದ್ದಿದೆ, ತೂತಾಗಿಲ್ಲ. ಎರಡು ತಿಂಗಳು ಅದು ನಮ್ಮ ಅಂಗಳದಲ್ಲೇ ಬಿದ್ದಿತ್ತು. ಆಮೇಲೆ ಒಂದು ಪಿಕಪ್ ಗಾಡಿ ಬಾಡಿಗೆಗೆ ಹಿಡಿದೆವು. ಕೆಳಗೆ ಗೋಣಿಚೀಲ ಹಾಸಿ, ದೋಣಿ ಕವುಚಿ, ನಾಲ್ಕೂ ಕಡೆ ಕಟ್ಟಿದೆವು. ಚಾಲಕ ಇನ್ನೂ ಮೀಸೆ ಚಿಗುರದ ಹುಡುಗ. ಹಿಟ್ನಾಳ ಕ್ರಾಸ್ ಬಂದಾಗ ನಾನು ಬಾಯಿ ತೆರೆಯುವ ಮೊದಲೇ ಗಾಡಿ ಪಕ್ಕಕ್ಕೆ ಹಾಕಿದ. ಇಳಿದು, ನಾಲ್ಕೂ ಹಗ್ಗ ಒಂದೊಂದಾಗಿ ಜಗ್ಗಿ ನೋಡಿದ. ಒಂದನ್ನು ಬಿಚ್ಚಿ ಮತ್ತೆ ಕಟ್ಟಿದ.

"ಬಿಗಿ ಇತ್ತಲ್ಲೋ ತಮ್ಮಾ?" ಅಂದೆ.

"ಇತ್ರಿ ಅಣ್ಣ. ಆದ್ರ ಹಿಂದ ಮಂದಿ ಬರ್ತಾರಲ್ರಿ" ಅಂದ.