ಫ್ಲೆಕ್ಸ್ ಹರಿದರು, ಫ್ರೇಮ್ ಬಿಟ್ಟರು: 5ರಲ್ಲಿ 2 ಸ್ಟಾರ್

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಫುಟ್‌ಪಾತಿಗೆ ಅಡ್ಡ ನಿಂತ ಬೋರ್ಡಿನ ಬಗ್ಗೆ ದೂರು ಕೊಟ್ಟ ನಾಲ್ಕನೇ ದಿನಕ್ಕೆ ಅದನ್ನು ತೆಗೆಯುವವರ ಟೆಂಪೋ ಬಂತು. ಮೂವರು ಇಳಿದರು, ಚಾಕು ಹಾಕಿ ಫ್ಲೆಕ್ಸನ್ನು ಸರ್ರನೆ ಹರಿದರು, ಸುರುಳಿ ಸುತ್ತಿ ಟೆಂಪೋಗೆ ಎಸೆದರು, ಹೋದರು. ಹತ್ತು ನಿಮಿಷದ ಕೆಲಸ. ಅಂಗಡಿ ಜಗಲಿಯಲ್ಲಿ ನಿಂತು ನೋಡಿ ಖುಷಿಪಟ್ಟೆ. ಆಮೇಲೆ ನೋಡಿದರೆ ಕಬ್ಬಿಣದ ಫ್ರೇಮ್ ಅಲ್ಲೇ ಉಂಟು ಮಾರಾಯ್ರೆ!

ಇದು ಉಡುಪಿ ಕಡೆಯ ಒಂದು ಸ್ಥಳೀಯ ಸಂಸ್ಥೆಯ ಅನಧಿಕೃತ ಫಲಕ ತೆರವು ಸೇವೆಯ ಬಗ್ಗೆ. ಹೆಸರು ಹಾಕುತ್ತಿಲ್ಲ, ಸುಮ್ನೆ ಯಾಕೆ. ಎಂಟು ತಿಂಗಳಲ್ಲಿ ಮೂರು ಸಲ ಬಳಸಿದ್ದೇನೆ.

ಜಾಗ ಬಸ್‌ಸ್ಟಾಪಿನ ಪಕ್ಕದ ತಿರುವು. ಚರಂಡಿ ಮೇಲೆ ಹಾಸಿದ ಚಪ್ಪಡಿಯೇ ಫುಟ್‌ಪಾತ್. ನಮ್ಮಲ್ಲಿ ಬೋರ್ಡಿಗೆ ಸೀಸನ್ ಅಂತ ಇಲ್ಲ. ಬ್ರಹ್ಮಕಲಶೋತ್ಸವ, ಕೋಲ, ಕಂಬಳ, ಯಕ್ಷಗಾನ, ಮೊಸರು ಕುಡಿಕೆ, ಇವುಗಳ ನಡುವೆ ಬಿಡುವು ಸಿಕ್ಕಿದರೆ ಚಿನ್ನದಂಗಡಿಯ ಆಫರ್, ಟ್ಯೂಷನ್ ಸೆಂಟರಿನ ರ‍್ಯಾಂಕ್ ಪಡೆದ ಮಕ್ಕಳ ಸಾಲು ಮುಖಗಳು. ದೇವರ ಕೆಲಸದ ಬ್ಯಾನರಿಗೆ ನನ್ನ ತಕರಾರಿಲ್ಲ. ನಮ್ಮ ಭಜನಾ ಮಂದಿರದ್ದನ್ನು ನಾನೂ ಕಟ್ಟಿದ್ದೇನೆ, ಎರಡು ಬಿದಿರು ಊರಿ, ಮಂಗಲ ಆದ ಮರುದಿನವೇ ಬಿಚ್ಚಿದ್ದೇವೆ. ಸರಿ, ಮೂರನೇ ದಿನ.

ಈ ಬೋರ್ಡ್ ಹಾಗಲ್ಲ. ಚಪ್ಪಡಿಗೆ ತೂತು ಕೊರೆದು ನಿಲ್ಲಿಸಿದ ಕಬ್ಬಿಣ. ಕೆಳಗಿನ ಅಂಚು ಎದೆಯ ಮಟ್ಟಕ್ಕೆ. ಬೇಸಿಗೆಯಲ್ಲಿ ಹೇಗೋ ಬಗ್ಗಿ ನುಸುಳಬಹುದು, ಮಳೆಗಾಲದಲ್ಲಿ ಕೊಡೆ ಹಿಡಿದವರು ಏನು ಮಾಡಬೇಕು? ರಸ್ತೆಗೆ ಇಳಿಯಬೇಕು. ಇಳಿಯುವಾಗ ತಿರುವಿನಲ್ಲಿ ಬರುವ ಬಸ್ ಕಾಣುವುದಿಲ್ಲ, ಯಾಕೆಂದರೆ ಅದೇ ಬೋರ್ಡ್ ಅಡ್ಡ. ನಮ್ಮಮ್ಮನಿಗೆ 71. ಜುಲೈಯಲ್ಲಿ ಒಂದು ದಿನ ಹೀಗೇ ಇಳಿದಾಗ ಬಸ್ ಅವರ ಕೊಡೆಗೆ ತಾಗಿಕೊಂಡೇ ಹೋಯಿತು. ಎರಡು ಕಡ್ಡಿ ಮುರಿಯಿತು. ಅಮ್ಮನಿಗೆ ಏನೂ ಆಗಲಿಲ್ಲ, ಆದರೆ ಮೂರು ದಿನ ದೇವಸ್ಥಾನಕ್ಕೆ ಹೋಗಲಿಲ್ಲ.

ಕಚೇರಿಗೆ ಹೋದೆ. "ಅದು ನಮ್ಮ ರಸ್ತೆ ಹೌದಾ ನೋಡಬೇಕು" ಎಂದರು. ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ರಾಷ್ಟ್ರೀಯ ಹೆದ್ದಾರಿ 66 ಕೇಂದ್ರದ್ದು, ಕೆಲವು ರಸ್ತೆ ಲೋಕೋಪಯೋಗಿ ಇಲಾಖೆಯದ್ದು, ಒಳರಸ್ತೆ ಸ್ಥಳೀಯ ಸಂಸ್ಥೆಯದ್ದು, ಕೆಲವರು ಬೋರ್ಡ್ ಕಟ್ಟುವ ಕರೆಂಟ್ ಕಂಬ ಮೆಸ್ಕಾಂನದ್ದು. ಬೋರ್ಡ್ ನಿಲ್ಲಿಸಿದವನಿಗೆ ಮಾತ್ರ ಇದು ಯಾವುದೂ ಅಡ್ಡ ಬರಲಿಲ್ಲ, ಅಲ್ವಾ? ಮನೆಗೆ ಬಂದು ರಾಜ್ಯ ಸರ್ಕಾರದ ದೂರು ಸಹಾಯವಾಣಿ 1902ಕ್ಕೆ ಫೋನ್ ಮಾಡಿ ದೂರು ಬರೆಸಿದೆ, ನಂಬರ್ ಸಿಕ್ಕಿತು. ಕೆಲಸ ಓಡಿದ್ದು ಆಮೇಲೆಯೇ.

ಕಾನೂನು ಇಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಅನುಮತಿ ಇಲ್ಲದೆ ಸಾರ್ವಜನಿಕರಿಗೆ ಕಾಣುವಂತೆ ಜಾಹೀರಾತು ಹಾಕಿದರೆ 1981ರ ರಾಜ್ಯ ಕಾಯ್ದೆಯಲ್ಲಿ 6 ತಿಂಗಳವರೆಗೆ ಜೈಲು ಅಥವಾ 1000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆ ಕಾಲಕ್ಕೆ ಸಾವಿರ ದೊಡ್ಡ ಮೊತ್ತ. ಈಗ ಒಂದು ದೊಡ್ಡ ಫ್ಲೆಕ್ಸಿಗೇ ಅದಕ್ಕಿಂತ ಜಾಸ್ತಿ ಬೀಳುತ್ತದೆ, ದಂಡವನ್ನೂ ಖರ್ಚಿನ ಲೆಕ್ಕಕ್ಕೆ ಸೇರಿಸಿಕೊಂಡರೆ ಆಯಿತು. ಪ್ಲಾಸ್ಟಿಕ್ ಫ್ಲೆಕ್ಸನ್ನಂತೂ ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ. ಇನ್ನು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾರ್ಗಸೂಚಿ ಪ್ರಕಾರ ಫುಟ್‌ಪಾತಿನಲ್ಲಿ ನಡೆಯಲು ಕನಿಷ್ಠ 1.8 ಮೀಟರ್ ಅಗಲ, 2.2 ಮೀಟರ್ ಎತ್ತರ ಖಾಲಿ ಇರಬೇಕು. ನಾನು ಟೇಪ್ ಹಿಡಿದು ಅಳೆದೆ. ಫ್ರೇಮಿಗೂ ಅಂಗಡಿ ಮೆಟ್ಟಿಲಿಗೂ ನಡುವೆ ಉಳಿದದ್ದು 58 ಸೆಂಟಿಮೀಟರ್. ಸುರಕ್ಷಿತ ಫುಟ್‌ಪಾತ್ ಬದುಕುವ ಹಕ್ಕಿನ ಭಾಗ ಎಂದು 2025ರ ಮೇಯಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ ಅಮ್ಮನಿಗೆ ಓದಿ ಹೇಳಿದೆ. "ಹಾಗಾದರೆ ಕೊಡೆ ಯಾರು ಕೊಡುವುದು?" ಎಂದರು.

ಟೆಂಪೋ ಹೋದ ಆರನೇ ದಿನ ಅದೇ ಫ್ರೇಮಿಗೆ ಹೊಸ ಫ್ಲೆಕ್ಸ್. ಮುಖ ಬೇರೆ, ನಗು ಅದೇ. ಫ್ರೇಮ್ ಬಿಟ್ಟು ಹೋದರೆ ಖಾಲಿ ಮನೆಗೆ ಬೀಗ ಹಾಕದೆ ಹೋದ ಹಾಗೆ, ಇನ್ನೊಬ್ಬ ಬಂದು ಕೂರುತ್ತಾನೆ. ಎರಡನೇ ದೂರಿಗೂ ಬಂದರು, ಹರಿದರು, ಹೋದರು. ಕೆಲಸದವರ ಮೇಲೆ ನನಗೆ ಸಿಟ್ಟಿಲ್ಲ. ಕೇಳಿದ್ದಕ್ಕೆ ಒಬ್ಬರು ಪಾಪ ನಿಜ ಹೇಳಿದರು, "ನಮಗೆ ಹರಿಯಲಿಕ್ಕೆ ಹೇಳಿದ್ದು ಸರ್, ಕಬ್ಬಿಣಕ್ಕೆ ಕಟ್ಟರ್ ಬೇಕು, ಅದು ಬೇರೆ ಗಾಡಿ." ಎದುರಿಗಿದ್ದ ದೊಡ್ಡ ಮುಖದ ದೊಡ್ಡ ಬೋರ್ಡನ್ನು ಅವರು ಮುಟ್ಟಲಿಲ್ಲ. ನಾನೂ ಕೇಳಲಿಲ್ಲ.

ಮೂರನೇ ದೂರಿನಲ್ಲಿ "ಫ್ರೇಮ್ ಸಮೇತ, ಬುಡದಿಂದ" ಎಂದೇ ಬರೆಸಿದೆ. ಸೇವೆ ಬಳಸುವವರಿಗೆ ಇದೇ ನನ್ನ ಸಲಹೆ, ಈ ಮಾತು ಇಲ್ಲದಿದ್ದರೆ ಬರೀ ಬಟ್ಟೆ ಬಿಚ್ಚಿ ಹೋಗುತ್ತಾರೆ. ಈ ಸಲ ಕಟ್ಟರ್ ಬಂತು, ಫ್ರೇಮ್ ಹೋಯಿತು. ಒಂದು ಸ್ಟಾರ್ ಅದಕ್ಕೆ, ಇನ್ನೊಂದು ಪ್ರತಿ ಸಲವೂ ಬಂದದ್ದಕ್ಕೆ. ಸಂಜೆ ಮೊಬೈಲಿಗೆ ದೂರು ವಿಲೇವಾರಿ ಆಗಿದೆ ಎಂಬ ಮೆಸೇಜೂ ಬಂತು.

ಆದರೆ "ಬುಡ" ಅಂದರೆ ಎಲ್ಲಿ ಎಂಬ ಬಗ್ಗೆ ಅವರಿಗೂ ನನಗೂ ಒಮ್ಮತ ಇರಲಿಲ್ಲ. ಚಪ್ಪಡಿಯಿಂದ ಮೂರು ಇಂಚು ಮೇಲೆ ಕತ್ತರಿಸಿದ್ದಾರೆ. ಮೊದಲು ಬೋರ್ಡ್ ಕಣ್ಣಿಗಾದರೂ ಕಾಣುತ್ತಿತ್ತು, ಈಗ ಎರಡು ಕಬ್ಬಿಣದ ಮೊಳೆ, ನೇರ ಕಾಲಿಗೆ. ಪಕ್ಕದಲ್ಲಿ ಬೊಂಡ (ಎಳನೀರು) ಮಾರುವವರು ಅದರ ಮೇಲೆ ಖಾಲಿ ಬೊಂಡ ಎರಡು ಮಗುಚಿಟ್ಟಿದ್ದಾರೆ. ಹಳೆಯದು ಒಣಗಿದರೆ ಬೆಳಿಗ್ಗೆ ಹಸಿರು ನೋಡಿ ಬೇರೆ ಇಡುತ್ತಾರೆ, ಕತ್ತಲಲ್ಲೂ ಸ್ವಲ್ಪ ಕಾಣಲಿ ಅಂತ.