ಮುರಿದ ಮನಸ್ಸಿಗೆ ಎರಡು ಇಂಗ್ಲಿಷ್ ಕಾದಂಬರಿ: ಯಾವುದು ಮೊದಲು?

ಎರಡರಲ್ಲೂ ಬರವಣಿಗೆ ನಿಂತುಹೋದ ಲೇಖಕಿ, ಹಳೆಯ ಪರಿಚಯದ ಲೇಖಕ. ರುಚಿ ಮಾತ್ರ ಬೇರೆ.

ಎಮಿಲಿ ಹೆನ್ರಿಯವರ 'ಬೀಚ್ ರೀಡ್' (2020) ನಾಯಕಿ ಜನವರಿ. ಹೌದು, ಹೆಸರೇ ಅದು! ಅಪ್ಪ ಸತ್ತ ಮೇಲೆ ಅವರಿಗೆ ಇನ್ನೊಂದು ಸಂಬಂಧ ಇದ್ದದ್ದು ಗೊತ್ತಾಗುತ್ತದೆ. ಪ್ರೇಮಕಥೆ ಬರೆದೇ ಬದುಕುವವಳಿಗೆ ಪ್ರೇಮದ ಮೇಲೇ ನಂಬಿಕೆ ಹೋದರೆ? ಅಮೆರಿಕದ ಮಿಷಿಗನ್‌ನ ಸರೋವರದ ದಡದಲ್ಲಿ ಪಕ್ಕದ ಮನೆಯ ಲೇಖಕ ಗಸ್ ಜೊತೆ ಪಂಥ ಕಟ್ಟುತ್ತಾಳೆ: ಅವನು ಸುಖಾಂತ್ಯ ಬರೆಯಬೇಕು, ಇವಳು ಗಂಭೀರ ಕಾದಂಬರಿ. ನಗು ಜಾಸ್ತಿ, ಬರೆಯುವ ಒದ್ದಾಟವೂ ನಿಜ ಅನಿಸುತ್ತದೆ.

ಟಿಯಾ ವಿಲಿಯಮ್ಸ್ ಅವರ 'ಸೆವೆನ್ ಡೇಸ್ ಇನ್ ಜೂನ್' (2021) ನ್ಯೂಯಾರ್ಕ್‌ನ ಬ್ರೂಕ್ಲಿನ್ ಕಥೆ. ನಾಯಕಿ ಈವಾಗೆ ಮಗಳ ಜವಾಬ್ದಾರಿ, ಬಿಡದ ತಲೆನೋವು. ಹದಿಹರೆಯದಲ್ಲಿ ಏಳು ದಿನ ಪ್ರೀತಿಸಿ ಮರೆಯಾದ ಲೇಖಕ ಶೇನ್ ಮತ್ತೆ ಎದುರಾಗುತ್ತಾನೆ. ಕಥೆಯಲ್ಲಿ ಕುಡಿತದ ಚಟವೂ ಬರುತ್ತದೆ. ಗಾಯ ಹಸಿಯಾಗಿದ್ದರೆ ಸ್ವಲ್ಪ ಕಾಯಿರಿ.

ನನ್ನ ಮತ ಮೊದಲು 'ಬೀಚ್ ರೀಡ್'ಗೆ. ಹೆಸರು ನೋಡಿ ಸುಮ್ನೆ ಟೈಂಪಾಸ್ ಅಂದುಕೊಳ್ಳಬೇಡಿ.